ಒಂದು ಮಗು, ಮೂರು ಸ್ಪೆಲಿಂಗು

ಹಳೆಯ ಪ್ರಾಥಮಿಕ ಶಾಲೆಗಳ ಬೀರುವಿನಲ್ಲಿ ಬಟ್ಟೆ ಬೈಂಡಿನ, ಅಂಚು ಸವೆದ ಒಂದು ದಪ್ಪ ಪುಸ್ತಕ ಇರುತ್ತದೆ. ಅದು ದಾಖಲಾತಿ ವಹಿ. ಹೆಡ್ಮಾಸ್ತರರ ಪಾಲಿಗೆ ಅದೇ ಶಾಲೆಯ ಜಾತಕ. ಚಾವಣಿ ಸೋರಲಿ, ಬೆಂಚು ಮುರಿಯಲಿ, ಆ ವಹಿಗೆ ಮಾತ್ರ ಏನೂ ಆಗಬಾರದು. ವರ್ಗವಾಗಿ ಹೋಗುವವರು ಚಾರ್ಜ್ ಬಿಟ್ಟುಕೊಡುವಾಗ ಮೊದಲು ಕೈಗಿಡುವುದು ಅದನ್ನೇ. ಪುಟ ತಿರುವಿದರೆ ನೀಲಿ ಶಾಯಿಯ ಗುಂಡು ಅಕ್ಷರಗಳಲ್ಲಿ ಹೆಸರು, ತಂದೆಯ ಹೆಸರು, ಜಾತಿ, ಊರು, ಹುಟ್ಟಿದ ತಾರೀಕು. ತಾರೀಕಿನ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತ ಹೋದರೆ ಒಂದು ಚೋದ್ಯ ಕಾಣುತ್ತದೆ: ಜೂನ್ 1, ಜೂನ್ 1, ಮತ್ತೆ ಜೂನ್ 1. ಊರಿಗೆ ಊರೇ ಒಂದೇ ದಿನ ಹುಟ್ಟಿತೇನೋ ಅನ್ನಿಸಬೇಕು.

ಇದರಲ್ಲಿ ಗುಟ್ಟೇನಿಲ್ಲ. ಮಗುವನ್ನು ಕರೆತಂದ ಅಪ್ಪ "ಮಾರಿಹಬ್ಬದ ಆಚೀಚೆ ಹುಟ್ಟಿದ್ದು ಸಾ" ಅನ್ನುತ್ತಿದ್ದ. ಹಬ್ಬ ಯಾವ ವರ್ಷದ್ದು ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲ. ಮೇಷ್ಟ್ರು ಹುಡುಗನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, ವಯಸ್ಸು ಹೊಂದುವಂತೆ ಲೆಕ್ಕ ಹಾಕಿ, ಶಾಲೆ ಶುರುವಾಗುವ ತಾರೀಕನ್ನೇ ಬರೆದುಬಿಡುತ್ತಿದ್ದರು. ಆ ತಾರೀಕು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ನೌಕರಿಗೆ, ಕೊನೆಗೆ ಪಿಂಚಣಿಗೆ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹಾಗಾಗಿ ಮೇ 31 ಬಂತೆಂದರೆ ಕಚೇರಿಗಳಲ್ಲಿ ಹಾರ, ಶಾಲು, ಪೇಟಗಳ ಖರ್ಚು ಏರುತ್ತದೆ.

ಆ ವಹಿಯಲ್ಲಿ ತಪ್ಪುಗಳಿದ್ದವು, ಸಣ್ಣಪುಟ್ಟ ಸುಳ್ಳುಗಳೂ ಇದ್ದವು. ಆದರೆ ಬರೆದವರು ಯಾರು, ತಿದ್ದುವವರು ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು. ಈಗ ಅದೇ ಮಾಹಿತಿ ಕಂಪ್ಯೂಟರಿಗೆ ಏರಿದೆ. ಬರೆಯುವ ಕೆಲಸ ಶಾಲೆಯಲ್ಲೇ ಉಳಿದಿದೆ, ಒಡೆತನ ಮಾತ್ರ ಎಲ್ಲೆಲ್ಲಿಗೋ ಹೋಗಿದೆ. ಶಾಲೆ ಮತ್ತು ತಂತ್ರಜ್ಞಾನ ಎಂದಕೂಡಲೇ ಸ್ಮಾರ್ಟ್ ಬೋರ್ಡು, ಟ್ಯಾಬು, ಎಐ ಎಂದು ಮಾತು ಹಾರುತ್ತದೆ. ದಿನದಿನದ ಗೋಳು ಇರುವುದು ಮಾತ್ರ ಈ ವಹಿಯ ಹೊಸ ಅವತಾರದಲ್ಲಿ.

ಕರ್ನಾಟಕದಲ್ಲಿ ಆ ಅವತಾರದ ಹೆಸರು ಸ್ಯಾಟ್ಸ್. ವಿದ್ಯಾರ್ಥಿಯ ಕಲಿಕೆಯ ಜಾಡು ಹಿಡಿಯುವ ವ್ಯವಸ್ಥೆ ಎಂಬುದು ಅದರ ಇಂಗ್ಲಿಷ್ ಹೆಸರಿನ ಅರ್ಥ. ಒಂದನೇ ತರಗತಿಗೆ ಸೇರಿದ ಮಗುವಿಗೆ ಒಂದು ಸಂಖ್ಯೆ ಸಿಗುತ್ತದೆ. ಮುಂದೆ ವರ್ಗಾವಣೆ ಪತ್ರ, ಎಸ್ಸೆಸ್ಸೆಲ್ಸಿ ನೋಂದಣಿ, ವಿದ್ಯಾರ್ಥಿವೇತನ ಎಲ್ಲವೂ ಆ ಸಂಖ್ಯೆಯ ಬೆನ್ನು ಹಿಡಿದು ನಡೆಯುತ್ತವೆ. ಇದರ ಲಾಭವನ್ನು ಅಲ್ಲಗಳೆಯುವಂತಿಲ್ಲ. ಕೂಲಿಗೆಂದು ಊರು ಬಿಟ್ಟ ಕುಟುಂಬದ ಮಗು ಬೇರೆ ಜಿಲ್ಲೆಯ ಶಾಲೆಗೆ ಬಂದು ನಿಂತಾಗ, ಹಿಂದಿನ ಶಾಲೆ ಯಾವುದು, ಯಾವ ತರಗತಿಯವರೆಗೆ ಓದಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಮೊದಲು ಟಿ.ಸಿ. ತರಲು ಬಸ್ಸು ಹತ್ತಬೇಕಿತ್ತು.

ಸ್ಯಾಟ್ಸ್ ರಾಜ್ಯದ್ದಾದರೆ ಕೇಂದ್ರದ್ದು ಯುಡೈಸ್ ಪ್ಲಸ್ ಎಂಬ ಶಾಲಾ ಮಾಹಿತಿ ವ್ಯವಸ್ಥೆ. ಇದರ ಬೇರು 1990ರ ದಶಕದ ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಕಾಲದಲ್ಲಿದೆ. ಪ್ರತಿ ಶಾಲೆಗೂ 11 ಅಂಕಿಗಳ ಒಂದು ಸಂಖ್ಯೆ: ಮೊದಲೆರಡು ರಾಜ್ಯಕ್ಕೆ, ಮುಂದಿನೆರಡು ಜಿಲ್ಲೆಗೆ, ಆಮೇಲೆ ಬ್ಲಾಕು, ಹಳ್ಳಿ, ಕೊನೆಗೆ ಶಾಲೆ. ಕರ್ನಾಟಕದ ಶಾಲೆಗಳದ್ದೆಲ್ಲ 29ರಿಂದ ಶುರು. ಮೊದಲು ವರ್ಷಕ್ಕೊಮ್ಮೆ ತರಗತಿಗೆ ಎಷ್ಟು ಮಕ್ಕಳು ಎಂಬ ಒಟ್ಟು ಲೆಕ್ಕ ಕೊಟ್ಟರೆ ಸಾಕಿತ್ತು. 2022-23ರಿಂದ ಒಂದೊಂದು ಮಗುವಿನ ವಿವರವನ್ನೂ ಹೆಸರು ಸಮೇತ ತುಂಬಬೇಕು. ಆಗ ಒಂದು ತಮಾಷೆ ನಡೆಯಿತು. 2021-22ರಲ್ಲಿ ದೇಶದ ಶಾಲೆಗಳಲ್ಲಿ 26.5 ಕೋಟಿ ಮಕ್ಕಳಿದ್ದರು. ಹೆಸರು ಹಿಡಿದು ಎಣಿಸತೊಡಗಿದ ಮೇಲೆ 2023-24ರ ಹೊತ್ತಿಗೆ 24.8 ಕೋಟಿಗೆ ಇಳಿದರು. ಎಣಿಸುವ ಬಗೆಯೇ ಬದಲಾಗಿರುವುದರಿಂದ ಎರಡನ್ನೂ ಹೋಲಿಸಬೇಡಿ ಎಂದಿತು ಶಿಕ್ಷಣ ಸಚಿವಾಲಯ. ಮಕ್ಕಳು ಶಾಲೆ ಬಿಟ್ಟರೋ, ಎರಡೆರಡು ಕಡೆ ದಾಖಲಾಗಿದ್ದವರು ಉದುರಿದರೋ, ಅಂಕಿಯೊಂದನ್ನೇ ನೋಡಿ ಹೇಳುವಂತಿಲ್ಲ.

ಯುಡೈಸ್ ತನ್ನದೇ ಒಂದು ಶಾಶ್ವತ ಸಂಖ್ಯೆ ಕೊಡುತ್ತದೆ, ಅದು ಪೆನ್. ಅದರ ಮೇಲೆ 2023ರಿಂದ ಅಪಾರ್ ಎಂಬ ಇನ್ನೊಂದು ಗುರುತು ಸಂಖ್ಯೆ, 12 ಅಂಕಿ. ಜೊತೆಗೆ ಆಧಾರ್. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ನಾಡಕಚೇರಿ ಕೊಡುವ ಆರ್.ಡಿ. ಸಂಖ್ಯೆ. ಹತ್ತು ವರ್ಷದ ಮಗುವಿನ ಹಿಂದೆ ಇಷ್ಟು ಸಂಖ್ಯೆಗಳು. ಇವೆಲ್ಲ ಒಂದಕ್ಕೊಂದು ಕೈ ಹಿಡಿದು ನಡೆಯಬೇಕು ಎಂಬುದು ಮೇಲಿನವರ ಆಸೆ. ಕೈ ಹಿಡಿಯಲು ಹೋದಾಗ ಅಡ್ಡ ಬರುವುದು ಹೆಸರು.

ಉತ್ತರ ಕರ್ನಾಟಕದ ಒಬ್ಬ ಲಕ್ಷ್ಮಿಯನ್ನು ನೆನೆಯಿರಿ. ಮನೆಯಲ್ಲಿ ಲಕ್ಷ್ಮವ್ವ, ಶಾಲೆಯಲ್ಲಿ ಲಕ್ಷ್ಮೀ. ಆಧಾರ್ ಮಾಡಿಸಿದಾಗ ಆಪರೇಟರು ಆ ಕಡೆಯ ರೂಢಿಯಂತೆ "ಕ್ಷ"ಕ್ಕೆ ಇಂಗ್ಲಿಷಿನ ಎಕ್ಸ್ ಒತ್ತಿದ. ಬೆಂಗಳೂರು ಕಡೆಯಿಂದ ಬಂದ ಶಿಕ್ಷಕಿ ಸ್ಯಾಟ್ಸ್‌ನಲ್ಲಿ ಕೆ, ಎಸ್, ಎಚ್ ಒತ್ತಿದರು. ಅಪ್ಪನ ಹೆಸರಿನ "ಗೌಡ"ದಲ್ಲೂ ಇದೇ ಕಥೆ. ಮೈಸೂರು, ಮಂಡ್ಯದವರು ಅದರಲ್ಲಿ ಡಬ್ಲ್ಯೂ ಹಾಕಿದರೆ ಧಾರವಾಡ, ಬಾಗಲಕೋಟೆಯವರು ಯು ಹಾಕುತ್ತಾರೆ. ಇನ್ನು ಇನಿಷಿಯಲ್ಲು. ದಕ್ಷಿಣದವರದು ಹೆಸರಿನ ಹಿಂದೆಯೋ ಮುಂದೆಯೋ ಎರಡು ಅಕ್ಷರ, ಉತ್ತರದವರದು ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಕನ್ನಡದಲ್ಲಿ ಬರೆದಿದ್ದರೆ ಇವೆಲ್ಲ ಒಂದೇ ಹುಡುಗಿ. ಹೊಂದಿಸಿ ನೋಡುವ ಕೆಲಸ ನಡೆಯುವುದು ಇಂಗ್ಲಿಷ್ ಸ್ಪೆಲಿಂಗಿನಲ್ಲಿ. ಅಲ್ಲಿ ಇವರು ಮೂವರು ಬೇರೆ ಬೇರೆ ಲಕ್ಷ್ಮಿಯರು.

ಕಂಪ್ಯೂಟರಿಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅನ್ನುವ ಮಾತು ತಿಳಿಯುವುದಿಲ್ಲ. ರಾಜ್ಯದ ವಿದ್ಯಾರ್ಥಿವೇತನದ ಪೋರ್ಟಲ್ಲು ಸ್ಯಾಟ್ಸ್ ಸಂಖ್ಯೆ, ಆಧಾರ್, ಆರ್.ಡಿ. ಸಂಖ್ಯೆ ಮೂರನ್ನೂ ಕೇಳುತ್ತದೆ. ದುಡ್ಡು ಬೀಳುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಎಲ್ಲೋ ಒಂದು ಅಕ್ಷರ ತಪ್ಪಿದರೆ ಅರ್ಜಿ ನಿಲ್ಲುತ್ತದೆ. ಲಕ್ಷ್ಮಿಯ ಅವ್ವ ಶಾಲೆಗೆ ಹೋದರೆ "ಆಧಾರ್ ತಿದ್ದಿಸ್ಕೊಂಡು ಬರ್ರಿ" ಅನ್ನುತ್ತಾರೆ, ಆಧಾರ್ ಕೇಂದ್ರಕ್ಕೆ ಹೋದರೆ "ಶಾಲೆ ದಾಖಲೆ ತರ್ರಿ" ಅನ್ನುತ್ತಾರೆ. ನಡುವೆ ಹೋಗುವುದು ಅವಳ ಎರಡು ದಿನದ ಕೂಲಿ. ಹಿಂದೆ ವಹಿಯಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಮಾಡಿ, ಮೊಹರು ಒತ್ತಿ ಮುಗಿಸುವ ದಾರಿಯೊಂದಿತ್ತು. ಈಗ ಒಂದು ಹಂತ ದಾಟಿದ ಮೇಲೆ ತಿದ್ದುವ ಅಧಿಕಾರ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಲಾಗಿನ್‌ಗೆ ಹೋಗುತ್ತದೆ. ಮುಖ್ಯ ಗುರುಗಳು ಮನವಿ ಬರೆದು, ದಾಖಲೆ ಲಗತ್ತಿಸಿ, ಕಾಯಬೇಕು.

ಇಷ್ಟನ್ನೂ ತುಂಬುವವರು ಯಾರು? 2024-25ರ ಯುಡೈಸ್ ಲೆಕ್ಕದಂತೆ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1,04,125. ಕರ್ನಾಟಕದಲ್ಲಿ 7,349. ಅಂಥ ಶಾಲೆಯಲ್ಲಿ ಗುಮಾಸ್ತರಿಲ್ಲ, ಡೇಟಾ ಆಪರೇಟರ್ ಇಲ್ಲ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ನಡೆಸುವವರೂ ಅವರೇ, ಬಿಸಿಯೂಟದ ಅಕ್ಕಿ ಅಳೆಯುವವರೂ ಅವರೇ, ಹಾಲು, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ ಬರೆಯುವವರೂ ಅವರೇ. ಅದೇ ವರದಿ ಪ್ರಕಾರ ಕಂಪ್ಯೂಟರ್ ಇರುವ ಶಾಲೆಗಳು ದೇಶದಲ್ಲಿ ಶೇ 64.7, ಇಂಟರ್‌ನೆಟ್ ಇರುವವು ಶೇ 63.5. ಮೂರಕ್ಕೆ ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಕಂಪ್ಯೂಟರಿಲ್ಲ, ಸುಮಾರು ಅಷ್ಟೇ ಶಾಲೆಗಳಲ್ಲಿ ಇಂಟರ್‌ನೆಟ್ ಇಲ್ಲ, ಆದರೆ ಆನ್‌ಲೈನಿನಲ್ಲಿ ತುಂಬುವುದರಿಂದ ಅವಕ್ಕೇನೂ ವಿನಾಯಿತಿ ಇಲ್ಲ. ಮೇಷ್ಟ್ರ ಸ್ವಂತ ಮೊಬೈಲು, ಸ್ವಂತ ಡೇಟಾ ಪ್ಯಾಕು ಆ ಕಂದಕವನ್ನು ತುಂಬುತ್ತಿವೆ.

ಇದರ ಜೊತೆಗೆ ವಾಟ್ಸ್‌ಆ್ಯಪ್ ಗುಂಪು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಕಡೆಯಿಂದ ಒಂದು ಗೂಗಲ್ ಫಾರ್ಮು ಬಂದಿರುತ್ತದೆ. ಮೇಲೆ "ಅತಿ ತುರ್ತು" ಎಂಬ ತಲೆಬರಹ, ಕೆಳಗೆ "ಮಧ್ಯಾಹ್ನ 12ರೊಳಗೆ". ಕೇಳುವುದೇನು? ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅದರಲ್ಲಿ ಹೆಣ್ಣುಮಕ್ಕಳೆಷ್ಟು, ಪರಿಶಿಷ್ಟರೆಷ್ಟು, ಶೌಚಾಲಯವೆಷ್ಟು. ಇವೆಲ್ಲ ಆಗಲೇ ಸ್ಯಾಟ್ಸ್‌ನಲ್ಲಿ ಉಂಟು, ಯುಡೈಸ್‌ನಲ್ಲೂ ಉಂಟು. ಇರುವ ಕಡೆಯಿಂದ ತೆಗೆದುಕೊಳ್ಳುವುದಕ್ಕಿಂತ ಹಳ್ಳಿಯ ಮೇಷ್ಟ್ರನ್ನು ಮತ್ತೊಮ್ಮೆ ಕೇಳುವುದು ಮೇಲಿನವರಿಗೆ ಸುಲಭ. ಒಮ್ಮೆ ತುಂಬಿದ್ದನ್ನು ಮತ್ತೆ ಕೇಳಕೂಡದು ಎಂಬ ಒಂದೇ ಆದೇಶ ಗಟ್ಟಿಯಾಗಿ ಜಾರಿಯಾದರೆ ಶಿಕ್ಷಕರಿಗೆ ಎಷ್ಟು ಪಾಠದ ಗಂಟೆಗಳು ಮರಳಿ ಸಿಗುತ್ತವೆಂದು ಯಾವ ಸ್ಟಾಫ್ ರೂಮಿನಲ್ಲಿ ಬೇಕಾದರೂ ಕೇಳಿ ನೋಡಬಹುದು.

ಇನ್ನೊಂದು ವಿಚಿತ್ರ. ಮಾಹಿತಿ ಏಣಿ ಹತ್ತುತ್ತದೆ, ಇಳಿಯುವುದಿಲ್ಲ. ಸಂತೆಯ ದಿನ ತರಗತಿ ಅರ್ಧ ಖಾಲಿ ಎಂಬುದು ಹಾಜರಿಯಲ್ಲಿದೆ. ಹತ್ತಿ ಬಿಡಿಸುವ ಕಾಲದಲ್ಲಿ ಯಾವ ಮಕ್ಕಳು ಹದಿನೈದು ದಿನ ಕಾಣೆಯಾಗುತ್ತಾರೆ ಎಂಬುದೂ ಇದೆ. ಇವೆರಡನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ, ಕನ್ನಡದಲ್ಲಿ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯ ಮುಂದಿಟ್ಟರೆ ಊರವರು ಕೂತು ಮಾತಾಡಬಹುದು. ಇಂಥ ಹಾಳೆ ಊರಿಗೆ ಇಳಿದು ಬರುವುದು ಅಪರೂಪ. ಬೆಂಗಳೂರಿನ ಡ್ಯಾಶ್‌ಬೋರ್ಡಿನಲ್ಲಿ ಬಣ್ಣಬಣ್ಣದ ಕಂಬಗಳಾಗಿ ಮಾತ್ರ ಅದು ಹೊಳೆಯುತ್ತದೆ.

ಗಡಿಯಾಚೆ ಒಮ್ಮೆ ಇಣುಕೋಣ. ಕಾಸರಗೋಡು, ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ವ್ಯವಸ್ಥೆಯೊಳಗಿವೆ. ಅಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಶಾಲೆಯ ಕಂಪ್ಯೂಟರುಗಳಲ್ಲಿ ಓಡುವುದು ಲಿನಕ್ಸ್, ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ. ಮಕ್ಕಳ ದಾಖಲೆಗೆ ಸಂಪೂರ್ಣ ಎಂಬ ತಂತ್ರಾಂಶ. ಶಾಲೆ ತೆರೆದ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕದ ಮೇಲೆ ಶಿಕ್ಷಕರ ಹುದ್ದೆಗಳು ನಿಲ್ಲುವುದರಿಂದ ಆ ಒಂದು ದಿನ ಎಲ್ಲರಿಗೂ ಎದೆ ಡವಡವ. ಕನ್ನಡ ಶಾಲೆಯೊಂದರಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಹುದ್ದೆಗೇ ಕುತ್ತು ಬಂದೀತು. ಅಂದರೆ ಅಲ್ಲಿನ ಮಾಹಿತಿಗೆ ಬೆಲೆಯಿದೆ, ಕೆಲವೊಮ್ಮೆ ಕಹಿಯಾದ ಬೆಲೆ.

ಆದರೆ ಕರ್ನಾಟಕ ಅಲ್ಲಿಂದ ಕಲಿಯಬೇಕಾದದ್ದು ಲಿನಕ್ಸೂ ಅಲ್ಲ, ಸಂಪೂರ್ಣವೂ ಅಲ್ಲ. ಅಲ್ಲಿ ಪ್ರೌಢಶಾಲೆಗೆ ಒಬ್ಬ ಶಿಕ್ಷಕರನ್ನು ಐಟಿ ಸಂಯೋಜಕರೆಂದು ಗುರುತಿಸಿ ತರಬೇತಿ ಕೊಟ್ಟಿದ್ದಾರೆ. ಯಂತ್ರ ಕೆಟ್ಟರೆ ದೂರು ದಾಖಲಿಸಲು ಅವರಿದ್ದಾರೆ, ಅವರ ಹಿಂದೆ ಜಿಲ್ಲೆಯಲ್ಲಿ ಶಿಕ್ಷಕ ವೃತ್ತಿಯಿಂದಲೇ ಬಂದ ತರಬೇತುದಾರರಿದ್ದಾರೆ. ಕರ್ನಾಟಕವೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ ಮಾಹಿತಿ ಸಿಂಧು ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ತಂದಿತ್ತು. ಆಮೇಲೆ ಬಂದ ಯೋಜನೆಗಳಲ್ಲಿ ಯಂತ್ರ ಹೂಡಿ ಕಲಿಸುವ ಕೆಲಸ ಖಾಸಗಿ ಗುತ್ತಿಗೆಗೆ ಹೋಯಿತು. ಗುತ್ತಿಗೆ ಮುಗಿದ ದಿನ ಕಲಿಸುವವರು ಹೋದರು, ಕೋಣೆಗೆ ಬೀಗ ಬಿತ್ತು. ಯುಪಿಎಸ್ ಬ್ಯಾಟರಿ ಉಬ್ಬಿ, ಕೀಲಿಮಣೆಯಲ್ಲಿ ಇಲಿ ಗೂಡು ಕಟ್ಟಿದ ಕೋಣೆಗಳನ್ನು ನೋಡದ ತಾಲ್ಲೂಕು ಇರಲಿಕ್ಕಿಲ್ಲ. ಕೊಳ್ಳಲು ಬಜೆಟ್ಟಿತ್ತು, ಕಾಯಲು ಆಳಿರಲಿಲ್ಲ.

ಕಾಯುವವರಿಲ್ಲದ್ದು ಯಂತ್ರಗಳಿಗಷ್ಟೇ ಅಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದ ಕಥೆಯೊಂದು ಇಲ್ಲೇ ಬರಬೇಕು. ಕರ್ನಾಟಕದ ಶಿಕ್ಷಕರು ಇಪ್ಪತ್ತು ವರ್ಷಗಳಿಂದ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪಾಠಯೋಜನೆ, ನಾಟಕ, ಭಾಷಣಗಳ ಬಹುಪಾಲು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳ ಉಪಾಯ ಸರಳ: ಒಳಗಿರುವುದು ಯೂರೋಪಿನ ಅಕ್ಷರ ಮತ್ತು ಚಿಹ್ನೆ, ಮೇಲೆ ತೊಟ್ಟಿರುವುದು ಕನ್ನಡದ ವೇಷ. ಫಾಂಟು ಇರುವ ಕಂಪ್ಯೂಟರಿನಲ್ಲಿ ಚೆಂದ. ಅದೇ ಕಡತವನ್ನು ಮೊಬೈಲಿನಲ್ಲಿ ತೆರೆದರೆ ವೇಷ ಕಳಚುತ್ತದೆ. "ಕನ್ನಡ" ಎಂಬುದರಲ್ಲಿ "ಕ" ಇರಬೇಕಾದಲ್ಲಿ ಇಂಗ್ಲಿಷಿನ ಪಿ, "ನ" ಇರಬೇಕಾದಲ್ಲಿ ಬ್ರಿಟಿಷರ ಪೌಂಡಿನ ಗುರುತು! ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಕುರುಡು ಮಕ್ಕಳಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯುತ್ತವೆ. ಆದರೂ ಪೆನ್‌ಡ್ರೈವಿನಲ್ಲಿ ಕೂತ ಹಳೆಯ ಕಡತಗಳು ಹಾಗೇ ಇವೆ. ಪೆನ್‌ಡ್ರೈವು ಕೆಟ್ಟ ದಿನ ಒಬ್ಬ ಒಳ್ಳೆಯ ವಿಜ್ಞಾನ ಶಿಕ್ಷಕರ ಹತ್ತು ವರ್ಷದ ದುಡಿಮೆ ಹೋಗುತ್ತದೆ. ರಜೆಯಲ್ಲಿ ಒಂದು ವಾರ ಕೂತು ಬದಲಿಸಿ, ಎರಡು ಕಡೆ ಇಟ್ಟುಕೊಂಡವರು ಜಾಣರು.

ಇನ್ನು ಕಾವಲಿನ ಮಾತು. ಎಷ್ಟೋ ಶಾಲೆಗಳ ಕಚೇರಿ ಗೋಡೆಯ ಮೇಲೆ, ಗಣ್ಯರ ಫೋಟೋಗಳ ಕೆಳಗೆ, ಒಂದು ರಟ್ಟಿನ ಮೇಲೆ ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಬರೆದು ಅಂಟಿಸಿರುತ್ತಾರೆ. ನೆಟ್ ಸಿಗದ ಊರಿನ ಮೇಷ್ಟ್ರು ಪೇಟೆಯ ನೆಟ್ ಸೆಂಟರಿನ ಹುಡುಗನಿಗೆ ಅದನ್ನೇ ಬರೆದುಕೊಟ್ಟು "ನೀನೇ ತುಂಬಿಬಿಡಪ್ಪ, ಓಟಿಪಿ ಬಂದ್ರೆ ಫೋನ್ ಮಾಡು" ಅನ್ನುತ್ತಾರೆ. ಮಕ್ಕಳ ಆಧಾರ್ ಪ್ರತಿಗಳು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತವೆ, ಯಾರ ಯಾರ ಗ್ಯಾಲರಿಯಲ್ಲೋ ವರ್ಷಗಟ್ಟಲೆ ಉಳಿಯುತ್ತವೆ. ಮೇಷ್ಟ್ರನ್ನು ಬೈದು ಫಲವಿಲ್ಲ, ಅವರಿಗೆ ಬೇರೆ ದಾರಿ ಕೊಟ್ಟವರಿಲ್ಲ.

ದೊಡ್ಡವರ ಕೈಯಲ್ಲೂ ಸೋರುತ್ತದೆ. ಕೋವಿಡ್ ಕಾಲದಲ್ಲಿ ದೇಶವೆಲ್ಲ ಬಳಸಿದ ದೀಕ್ಷಾ ಎಂಬ ಕಲಿಕಾ ಆ್ಯಪಿನ ಒಂದು ಕ್ಲೌಡ್ ಸಂಗ್ರಹ ಬಾಗಿಲು ತೆರೆದೇ ಬಿದ್ದಿತ್ತೆಂದು 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್, ಇಮೇಲ್, ಸುಮಾರು ಆರು ಲಕ್ಷ ಮಕ್ಕಳ ವಿವರ ಅದರಲ್ಲಿದ್ದವು. ಅಮೆರಿಕ, ಕೆನಡಾದ ಶಾಲೆಗಳು ಬಳಸುವ ಪವರ್‌ಸ್ಕೂಲ್ ಎಂಬ ವ್ಯವಸ್ಥೆಗೆ 2024ರ ಡಿಸೆಂಬರಿನಲ್ಲಿ ಕನ್ನ ಬಿತ್ತು. ಕಳವಾದ ಲಾಗಿನ್ ಒಂದೇ ಸಾಕಾಯಿತು. ಆರು ಕೋಟಿಗೂ ಹೆಚ್ಚು ಮಕ್ಕಳ ಮಾಹಿತಿ ಹೋಯಿತೆಂದು ಅಲ್ಲಿನ ಸರ್ಕಾರಿ ವಕೀಲರು ಕೋರ್ಟಿಗೆ ತಿಳಿಸಿದರು. ಕದ್ದವನು ಹದಿಹರೆಯ ದಾಟದ ಒಬ್ಬ ಕಾಲೇಜು ಹುಡುಗ. ಗೋಡೆಯ ಮೇಲೆ ಅಂಟಿಸಿದ ರಟ್ಟನ್ನು ನೋಡುವಾಗ ಈ ಹುಡುಗ ನೆನಪಾದರೆ ತಪ್ಪಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಅಂಟಿದ ಹೆಸರು ಕರ್ನಾಟಕದವರದೇ, ಇಲ್ಲಿನ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಪ್ರಕರಣದಲ್ಲೇ 2018ರ ಸೆಪ್ಟೆಂಬರ್ 26ರಂದು ಬಂದ ಆಧಾರ್ ತೀರ್ಪು, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶ ತಪ್ಪಿಸುವಂತಿಲ್ಲ ಎಂದಿತು. 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು, ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಹಂತಹಂತವಾಗಿ ಜಾರಿಯಾಗುತ್ತವೆ. ಕಲಿಕೆಗೆ ಮತ್ತು ಮಗುವಿನ ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ ಶಾಲೆಗಳಿಗೆ ಕೆಲವು ರಿಯಾಯಿತಿ ಉಂಟು.

ಅಪಾರ್ ಕೂಡ ಕಡ್ಡಾಯವಲ್ಲ, ಪೋಷಕರು ಒಪ್ಪಿದರೆ ಮಾತ್ರ ಎಂದು ಕೇಂದ್ರ ಹೇಳಿದೆ. ಕಾಗದದಲ್ಲಿ ಒಪ್ಪಿಗೆ, ನಡೆಯುವಾಗ ಗುರಿ: ಇಂತಿಷ್ಟು ಶೇಕಡಾ ಆಗಲೇಬೇಕೆಂದು ಮೇಲಿನಿಂದ ಒತ್ತಡ ಬಂದಾಗ ಒಪ್ಪಿಗೆ ಪತ್ರ ಮನೆಗೆ ಹೋಗಿ ಹೆಬ್ಬೆಟ್ಟು ಹಾಕಿಸಿಕೊಂಡು ಮರಳುತ್ತದೆ. ಏನಕ್ಕೆ ಎಂದು ಕೇಳಿದ ತಾಯಿಗೆ "ಸರ್ಕಾರದ್ದು" ಎಂಬುದೇ ಉತ್ತರ. ಇದನ್ನು ಒಪ್ಪಿಗೆ ಅನ್ನಲು ನಾಲಗೆ ತಡವರಿಸುತ್ತದೆ.

ಪೋಷಕರು ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಮನೆಯಲ್ಲಿ ಎಂಟನೇ ಅಥವಾ ಒಂಬತ್ತನೇ ತರಗತಿಯ ಮಗು ಇದ್ದರೆ ಜನನ ಪ್ರಮಾಣಪತ್ರ ಮತ್ತು ಆಧಾರ್ ಹಿಡಿದು ಈ ತಿಂಗಳೇ ಶಾಲೆಗೆ ಹೋಗಿ. ಸ್ಯಾಟ್ಸ್‌ನಲ್ಲಿರುವ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ತಾರೀಕನ್ನು ಪರದೆಯ ಮೇಲೆ ತೋರಿಸಿ ಎಂದು ಕೇಳಿ, ಇಂಗ್ಲಿಷ್ ಸ್ಪೆಲಿಂಗನ್ನು ಅಕ್ಷರ ಅಕ್ಷರವಾಗಿ ಹೊಂದಿಸಿ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಅಲ್ಲಿರುವ ಹೆಸರೇ. ನೋಂದಣಿಗೆ ಮೊದಲು ತಿದ್ದಲು ಶಾಲೆಯ ಒಂದು ಮನವಿ ಸಾಕಾಗಬಹುದು. ಅಂಕಪಟ್ಟಿ ಮುದ್ರಣವಾದ ಮೇಲೆ ಅದೇ ಒಂದು ಅಕ್ಷರಕ್ಕೆ ಪರೀಕ್ಷಾ ಮಂಡಳಿಯ ಬಾಗಿಲು ತಟ್ಟಬೇಕಾಗುತ್ತದೆ.